ಕೊಟ್ಟಿಗೆಯ ದೀಪ ಮತ್ತು ಸೂರ್ಯನ ಲೆಕ್ಕ

ಬೀದರ ನಗರದಿಂದ ಭಾಲ್ಕಿ, ಔರಾದಗಳ ಕಡೆಗೆ ಸಂಚರಿಸುವವರಿಗೆ ಹೊಲಗಳ ನಡುವೆ ಅಲ್ಲಲ್ಲಿ ಒಂಟಿಯಾಗಿ ನಿಂತ ತಗಡಿನ ಮಾಡಿನ ಕೊಟ್ಟಿಗೆಗಳು ಕಾಣಿಸುವುವು. ಒಂದು ಜೊತೆ ಎತ್ತು, ಒಂದೆರಡು ಹಸು, ಮೂಲೆಯಲ್ಲಿ ಕಣಕಿಯ ರಾಶಿ, ಗೋಡೆಗೆ ಒರಗಿಸಿದ ಕುಂಟೆ ಕೂರಿಗೆಗಳು, ಸುಗ್ಗಿಯ ಕಾಲದಲ್ಲಿ ತೊಗರಿಯ ಚೀಲಗಳು, ಇವಿಷ್ಟೇ ಅದರ ಸಂಸಾರ. ಊರಿನ ವಿದ್ಯುತ್ತಿನ ತಂತಿ ಇಷ್ಟು ದೂರ ಬಂದಿರುವುದಿಲ್ಲ; ಪಂಪ್‌ಸೆಟ್ಟಿನ ತಂತಿ ಬಂದಿದ್ದರೂ ಅದರಲ್ಲಿ ವಿದ್ಯುತ್ತು ಹರಿಯುವುದು ಗೊತ್ತಾದ ಕೆಲವು ಗಂಟೆಗಳು ಮಾತ್ರ. ಆದುದರಿಂದ ಈಚೆಗೆ ಇಂತಹ ಮಾಡುಗಳ ಮೇಲೆ ಸಣ್ಣ ಸೌರಫಲಕವೊಂದನ್ನು ಕೂರಿಸುವ ರೂಢಿ ಬೆಳೆಯುತ್ತಿದೆ.

ಹೀಗೆ ಕೂರಿಸುವವರು ಮೊದಲು ಕೇಳುವ ಪ್ರಶ್ನೆ, “ಎಷ್ಟು ವಾಟಿನ ಫಲಕ ಬೇಕು?” ಎಂಬುದು. ದೀಪದ ವಿಷಯವನ್ನು ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಅಂಗಡಿಯಲ್ಲಿ ಸಿಕ್ಕಿದ ಬಲ್ಬನ್ನು ತಂದು ತಗುಲಿಸಿದರಾಯಿತು ಎಂಬ ಭಾವನೆ. ಪರಿಣಾಮವಾಗಿ, ಬೇಸಗೆಯಲ್ಲಿ ಚೆನ್ನಾಗಿ ಉರಿಯುವ ದೀಪ ಶ್ರಾವಣದ ಜಡಿಮಳೆಯಲ್ಲಿ ನಡುರಾತ್ರಿಗೇ ಆರಿಹೋಗುತ್ತದೆ. ಹಸು ಈಯುವ ಹೊತ್ತಿಗೆ ಬೆಳಕಿಲ್ಲದಿದ್ದರೆ, ಅಥವಾ ಕಣಕಿಯ ರಾಶಿಯೊಳಗಿಂದ ಹಾವು ಹೊರಬಿದ್ದಾಗ ಕತ್ತಲಿದ್ದರೆ ಏನಾಗುವುದೆಂಬುದನ್ನು ರೈತನ ಮನೆಯ ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾಗಿಲ್ಲ. ಆಗ ಬೈಗುಳ ತಿನ್ನುವವನು ಸೂರ್ಯ. ತಪ್ಪು ಮಾತ್ರ ಅನೇಕ ವೇಳೆ ಅವನದಲ್ಲ, ಫಲಕದ್ದೂ ಅಲ್ಲ. ದೀಪದ್ದು ಮತ್ತು ದೀಪಕ್ಕೆ ವಿದ್ಯುತ್ತನ್ನು ಒದಗಿಸುವ ರೀತಿಯದು. ಲೆಕ್ಕವನ್ನು ದೀಪದಿಂದ ಹಿಡಿದು ಹಿಂದಕ್ಕೆ, ಬ್ಯಾಟರಿಯ ಮೂಲಕ ಸೂರ್ಯನವರೆಗೆ ಮಾಡುತ್ತಾ ಹೋಗಬೇಕು. ಹಾಗೆ ಮಾಡಿದರೆ ಏನು ತಿಳಿದುಬರುವುದೆಂಬುದನ್ನು ನೋಡೋಣ.

ಮೊದಲಿಗೆ ಎರಡು ಅಳತೆಗಳ ಪರಿಚಯ ಆವಶ್ಯಕ. ದೀಪವು ತಿನ್ನುವುದು ವಾಟ್. ಅದು ಕೊಡುವುದು ಲ್ಯೂಮೆನ್. ಒಂದು ಮೇಣದ ಬತ್ತಿ ಎಲ್ಲ ದಿಕ್ಕುಗಳಿಗೂ ಬೀರುವ ಒಟ್ಟು ಬೆಳಕು ಸುಮಾರು 12 ಲ್ಯೂಮೆನ್. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲ್ಯೂಮೆನ್ ಬೆಳಕು ಹರಡಿದರೆ ಆ ಪ್ರಕಾಶಕ್ಕೆ ಒಂದು ಲಕ್ಸ್ ಎಂದು ಹೆಸರು. ಹುಣ್ಣಿಮೆಯ ಬೆಳದಿಂಗಳು ಲಕ್ಸಿನ ಹತ್ತರಲ್ಲೊಂದೆರಡು ಪಾಲು ಮಾತ್ರ; ನಡುಹಗಲಿನ ಬಿಸಿಲು ಲಕ್ಷ ಲಕ್ಸಿನ ಸಮೀಪ. ಈ ಎರಡನ್ನೂ ಒಂದೇ ಕಣ್ಣು ನಿಭಾಯಿಸುತ್ತದೆ ಎಂಬುದು ಆಶ್ಚರ್ಯದ ಸಂಗತಿಯಾದರೂ ಅದು ಬೇರೆ ಲೇಖನದ ವಸ್ತು.

ನಮ್ಮ ಕಡೆ ಚಿಮಣಿ ಎಂದು ಕರೆಯುವ ಸೀಮೆಎಣ್ಣೆಯ ಬತ್ತಿದೀಪವನ್ನು ತೆಗೆದುಕೊಳ್ಳೋಣ. ಗಂಟೆಗೆ 10 ಮಿಲಿಲೀಟರು ಎಣ್ಣೆಯನ್ನು ಸುಡುವ ಚಿಮಣಿ ಸುಮಾರು 100 ವಾಟಿನ ದರದಲ್ಲಿ ಶಾಖವನ್ನು ಹೊರಸೂಸುತ್ತದೆ. ಅದರಿಂದ ಸಿಗುವ ಬೆಳಕಾದರೋ ಮೇಣದ ಬತ್ತಿಯಷ್ಟೆ. ಎಂದರೆ ಒಂದು ವಾಟಿಗೆ ಲ್ಯೂಮೆನ್ನಿನ ಹತ್ತರಲ್ಲೊಂದು ಪಾಲು. ಅದು ದೀಪದ ವೇಷ ಧರಿಸಿದ ಒಲೆ ಎಂದರೆ ತಪ್ಪಲ್ಲ.

ತಂತುದೀಪವೂ ಅದೇ ವಂಶದ್ದು. ಅದರೊಳಗಿನ ಟಂಗ್‌ಸ್ಟನ್ ತಂತು ಸುಮಾರು 2700 ಕೆಲ್ವಿನ್ ಉಷ್ಣತೆಗೆ ಕಾದು ಹೊಳೆಯುತ್ತದೆ. ಕಾದ ವಸ್ತು ಅತಿ ಹೆಚ್ಚಾಗಿ ಬೀರುವ ಕಿರಣದ ಅಲೆಯುದ್ದವನ್ನು ಮೈಕ್ರೊಮೀಟರುಗಳಲ್ಲಿ ತಿಳಿಯಲು 2898ನ್ನು ಉಷ್ಣತೆಯಿಂದ ಭಾಗಿಸಬೇಕೆಂದು ವೀನನ ನಿಯಮ ಹೇಳುವುದಷ್ಟೆ. ಭಾಗಿಸಿದರೆ ಬರುವುದು 1.07. ನಮ್ಮ ಕಣ್ಣು ಕಾಣಬಲ್ಲದ್ದು 0.7ರವರೆಗೆ ಮಾತ್ರ. ಅಂದಮೇಲೆ ತಂತುವಿನ ವಿಕಿರಣದ ಶಿಖರವೇ ಅವಕೆಂಪಿನಲ್ಲಿ ಅಡಗಿದೆ. ಹಾಕಿದ ವಿದ್ಯುತ್ತಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಶಾಖವಾಗಿ ವ್ಯರ್ಥವಾಗುತ್ತದೆ. 60 ವಾಟಿನ ತಂತುದೀಪ ಕೊಡುವುದು ಸುಮಾರು 700 ಲ್ಯೂಮೆನ್, ವಾಟಿಗೆ ಹನ್ನೆರಡರಷ್ಟು. ಇದು ಯಾರ ಅಜಾಗರೂಕತೆಯಿಂದಲೂ ಆದ ನಷ್ಟವಲ್ಲ; ಕಾಯಿಸಿ ಬೆಳಕು ಪಡೆಯುವ ವಿಧಾನಕ್ಕೇ ಅಂಟಿದ ದೋಷ. ತಂತುವನ್ನು ಸೂರ್ಯನಂತೆ 5800 ಕೆಲ್ವಿನ್‌ವರೆಗೆ ಕಾಯಿಸುವಂತಿದ್ದರೆ ಸರಿಹೋಗುತ್ತಿತ್ತು. ಆದರೆ ಟಂಗ್‌ಸ್ಟನ್ 3700ಕ್ಕೆ ಮುಟ್ಟುವ ಮೊದಲೇ ಕರಗುತ್ತದೆ.

ಕಾಯಿಸದೆಯೇ ಬೆಳಕು ಪಡೆಯುವ ಬಗೆಯೊಂದಿದೆ. ಅರೆವಾಹಕದ ಎರಡು ಬಗೆಯ ಪದರಗಳು ಕೂಡುವ ಸಂಧಿಯಲ್ಲಿ ವಿದ್ಯುತ್ತು ಹರಿದಾಗ, ಮೇಲಿನ ಶಕ್ತಿಮಟ್ಟದ ಇಲೆಕ್ಟ್ರಾನು ಕೆಳಗಿನ ಮಟ್ಟದ ಖಾಲಿ ಸ್ಥಾನಕ್ಕೆ ಧುಮುಕುತ್ತದೆ. ಆಗ ಬಿಡುಗಡೆಯಾದ ಶಕ್ತಿ ಒಂದು ಬೆಳಕಿನ ಕಣವಾಗಿ ಹೊರಬೀಳುತ್ತದೆ. ಧುಮುಕಿದ ಎತ್ತರ ಎಷ್ಟೋ ಬೆಳಕಿನ ಬಣ್ಣ ಅದಕ್ಕೆ ತಕ್ಕಂತೆ. ಹೆನ್ರಿ ರೌಂಡ್ ಎಂಬವನು 1907ರಲ್ಲಿಯೇ ಕಾರ್ಬೊರಂಡಮ್ ಹರಳಿನಲ್ಲಿ ಇಂತಹ ಮಿನುಗನ್ನು ಕಂಡು ವರದಿಮಾಡಿದ್ದನು. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಡಯೋಡನ್ನು ಮಾಡಿ ತೋರಿಸಿದನು. ಆದರೆ ಬಿಳಿಯ ಬೆಳಕಿಗೆ ನೀಲಿ ಬೇಕು, ನೀಲಿಗೆ ದೊಡ್ಡ ಧುಮುಕು ಬೇಕು. 450 ನ್ಯಾನೊಮೀಟರಿನ ನೀಲಿಗೆ 2.76 ಇಲೆಕ್ಟ್ರಾನ್‌ವೋಲ್ಟ್. ಇದಕ್ಕೆ ತಕ್ಕ ಗ್ಯಾಲಿಯಮ್ ನೈಟ್ರೈಡಿನ ಉತ್ತಮ ಹರಳನ್ನು ಬೆಳೆಸುವುದು ಬಹುಕಾಲ ಅಸಾಧ್ಯವೆಂದೇ ತೋರಿತ್ತು. ಅದನ್ನು 1980 ಮತ್ತು 1990ರ ದಶಕಗಳಲ್ಲಿ ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ನೀಲಿ ಡಯೋಡಿನ ಮೇಲೆ ಹಳದಿಯಾಗಿ ಹೊಳೆಯುವ ಪುಡಿಯ ಲೇಪವೊಂದನ್ನು ಕೊಟ್ಟರೆ, ಉಳಿದ ನೀಲಿಯೂ ಹುಟ್ಟಿದ ಹಳದಿಯೂ ಬೆರೆತು ಕಣ್ಣಿಗೆ ಬಿಳಿಯಾಗುತ್ತವೆ. ಇದೇ ಇಂದಿನ ಎಲ್‌ಇಡಿ ದೀಪ. ಸಾಮಾನ್ಯ ದರ್ಜೆಯದೂ ವಾಟಿಗೆ 100 ಲ್ಯೂಮೆನ್ ಕೊಡುತ್ತದೆ.

ನಡುವೆ ಪಾದರಸದ ಆವಿಯ ಕೊಳವೆ ದೀಪಗಳ ಕಾಲವೊಂದು ಬಂದುಹೋಯಿತು. ಹರೀಶ ಹಂದೆಯವರು ಸಹಸ್ಥಾಪಕರಾಗಿ 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಮನೆಗಳಿಗೆ ಸೌರದೀಪಗಳನ್ನು ಒಯ್ಯತೊಡಗಿದಾಗ ಬಿಳಿಯ ಎಲ್‌ಇಡಿ ಇನ್ನೂ ಬಳಕೆಗೆ ಬಂದಿರಲಿಲ್ಲ. ಆ ಕಾಲದ ಮನೆಬೆಳಕಿನ ಸೌರವ್ಯವಸ್ಥೆಗಳಲ್ಲಿ ಉರಿಯುತ್ತಿದ್ದುದು ಕೆಲವೇ ವಾಟಿನ ಪುಟ್ಟ ಕೊಳವೆಗಳು. ಬಡವರ ಮನೆಗೆ ಸೌರದೀಪವನ್ನು ಮುಟ್ಟಿಸಿದ ಈ ಕೆಲಸಕ್ಕಾಗಿ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಕೊಳವೆ ದೀಪ ವಾಟಿಗೆ 50, 60 ಲ್ಯೂಮೆನ್ ಕೊಡುವುದೇನೋ ದಿಟ. ಆದರೆ ಒಡೆದರೆ ಪಾದರಸ ಗೋದಲಿಗೆ ಬಿದ್ದೀತು. ಕೊಟ್ಟಿಗೆಗೆ ಅದನ್ನು ಇಂದು ನಾವು ಸೂಚಿಸಲಾರೆವು.

ಈಗ ಒಂದು ಕೊಟ್ಟಿಗೆಯನ್ನು ಕಲ್ಪಿಸಿಕೊಳ್ಳೋಣ. ಉದ್ದ 5 ಮೀಟರ್, ಅಗಲ 4 ಮೀಟರ್, ನೆಲ 20 ಚದರ ಮೀಟರ್. ಹಾಲು ಕರೆಯಲು, ಸಗಣಿ ಬಾಚಲು, ಮೇವು ಹಾಕಲು 25 ಲಕ್ಸ್ ಸಾಕೆಂದಿಟ್ಟುಕೊಂಡರೆ ನೆಲಕ್ಕೆ 500 ಲ್ಯೂಮೆನ್ ಮುಟ್ಟಬೇಕು. ದೀಪದಿಂದ ಹೊರಟ ಬೆಳಕಿನಲ್ಲಿ ಅರ್ಧ ಗೋಡೆ, ಮಾಡುಗಳ ಪಾಲಾಗುವುದರಿಂದ ದೀಪಗಳು 1000 ಲ್ಯೂಮೆನ್ ಕೊಡಬೇಕಾಗುತ್ತದೆ. 5 ವಾಟಿನ ಎರಡು ಎಲ್‌ಇಡಿ ದೀಪಗಳಾದರೆ ಆಯಿತು. ಇವು ಸಂಜೆ ಎರಡು ಗಂಟೆ, ಬೆಳಗಿನ ಜಾವ ಎರಡು ಗಂಟೆ ಉರಿಯಲಿ. ನಡುವಿನ ಎಂಟು ಗಂಟೆಗೆ ಒಂದೇ ವಾಟಿನ ಒಂದು ಪುಟ್ಟ ದೀಪ. ಅದರ 100 ಲ್ಯೂಮೆನ್ನಿನಲ್ಲಿ ಅರ್ಧ ನೆಲಕ್ಕೆ ಬಂದರೂ ಎರಡೂವರೆ ಲಕ್ಸಾಯಿತು, ಬೆಳದಿಂಗಳ ಹತ್ತು ಪಟ್ಟು. ದನಗಳ ನಿದ್ದೆಗೆ ಭಂಗವಿಲ್ಲ, ಒಳಗೆ ಕಾಲಿಡುವ ಮನುಷ್ಯನಿಗೆ ನೆಲ ಕಾಣುತ್ತದೆ. ಕೊಟ್ಟಿಗೆಯ ದೀಪಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಎಂದು ನಮ್ಮ ಅಭಿಪ್ರಾಯ; ಅಂಗಡಿಯವರು ಇದನ್ನು ತೋರಿಸುವುದೇ ಕಡಮೆ.

ಒಟ್ಟು ವೆಚ್ಚ ದೊಡ್ಡ ದೀಪಗಳಿಗೆ 40 ವಾಟ್-ಗಂಟೆ, ಸಣ್ಣದಕ್ಕೆ 8, ಕೂಡಿ 48. ತಂತಿ, ಬ್ಯಾಟರಿ, ನಿಯಂತ್ರಕಗಳ ನಷ್ಟವನ್ನು ಸೇರಿಸಿ ದಿನಕ್ಕೆ 64 ವಾಟ್-ಗಂಟೆ ಫಲಕದಿಂದ ಬರಬೇಕೆನ್ನೋಣ. ಇದೇ ಬೆಳಕನ್ನು ತಂತುದೀಪಗಳಿಂದ ಪಡೆಯಬೇಕಾದರೆ ದೀಪಗಳಿಗೇ 430ರ ಸಮೀಪ ಬೇಕು, ಅಂದರೆ ಒಂಬತ್ತು ಪಟ್ಟು. ಫಲಕವೂ ಒಂಬತ್ತು ಪಟ್ಟು, ಬ್ಯಾಟರಿಯೂ ಒಂಬತ್ತು ಪಟ್ಟು.

ಇನ್ನು ಸೂರ್ಯನ ಕಡೆಗೆ ಹೋಗೋಣ. ಬೀದರ ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಔರಾದವಂತೂ ಕರ್ನಾಟಕದ ತುತ್ತತುದಿಯ ತಾಲ್ಲೂಕು. ಮೇ ತಿಂಗಳ ನಡುವೆ ಒಮ್ಮೆ, ಜುಲೈ ಕೊನೆಯಲ್ಲಿ ಮತ್ತೊಮ್ಮೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಮೊದಲನೆಯ ಸಲ ಅವನನ್ನು ನೋಡಲಾಗುವುದಿಲ್ಲ, ಎರಡನೆಯ ಸಲ ಮೋಡದ ದೆಸೆಯಿಂದ ಅವನು ಕಾಣುವುದೇ ಇಲ್ಲ. ದೀರ್ಘ ರಾತ್ರಿಗಳು ಡಿಸೆಂಬರಿನಲ್ಲಿ ಬಂದರೂ ಆಗ ಆಕಾಶ ನಿರ್ಮಲ. ಆದುದರಿಂದ ನಮ್ಮ ಪರೀಕ್ಷೆಯ ಕಾಲ ಚಳಿಗಾಲವಲ್ಲ, ಮಳೆಗಾಲ. ಮಳೆಗಾಲದ ಒಂದು ದಿನಕ್ಕೆ ಪೂರ್ಣ ಬಿಸಿಲಿನ ಮೂರು ಗಂಟೆಗಳಷ್ಟು ಮಾತ್ರ ಸಿಗುವುದೆಂದು ಜಿಪುಣತನದಿಂದ ಹಿಡಿಯೋಣ. ಧೂಳು ಮತ್ತು ಕಾವಿನಿಂದ ಐದರಲ್ಲೊಂದು ಪಾಲು ಕಳೆಯೋಣ. 64ನ್ನು 2.4ರಿಂದ ಭಾಗಿಸಿದರೆ 27 ವಾಟ್. ಒಂದು 40 ವಾಟಿನ ಫಲಕ ನಿಶ್ಚಿಂತೆಯಿಂದ ಸಾಕು. ಮೋಡ ಮುಸುಕಿದಾಗ ಬೆಳಕು ಆಕಾಶದ ಎಲ್ಲ ಕಡೆಯಿಂದಲೂ ಬರುವುದರಿಂದ ಫಲಕವನ್ನು ದಕ್ಷಿಣಕ್ಕೆ 10, 15 ಡಿಗ್ರಿಗಿಂತ ಹೆಚ್ಚು ವಾಲಿಸಬೇಕಾಗಿಲ್ಲ. ಮಳೆನೀರು ಧೂಳನ್ನು ತೊಳೆದು ಇಳಿಯುವಷ್ಟು ಇಳಿಜಾರಿದ್ದರಾಯಿತು.

ಮೂರು ದಿನ ಸೂರ್ಯ ಮುಖವನ್ನೇ ತೋರಿಸದಿದ್ದರೂ ನಡೆಯಬೇಕಾದರೆ ಬ್ಯಾಟರಿಯಿಂದ 160 ವಾಟ್-ಗಂಟೆ ಹೊರಬರಬೇಕು. ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚು ಮಾಡಬಾರದಾದ್ದರಿಂದ 12 ವೋಲ್ಟಿನಲ್ಲಿ 27 ಆಂಪಿಯರ್-ಗಂಟೆಯದು ಬೇಕು. ಲಿಥಿಯಮ್ ಕಬ್ಬಿಣ ಫಾಸ್ಫೇಟಿನದಾದರೆ ನೂರಕ್ಕೆ 80ರವರೆಗೆ ಬಳಸಬಹುದಾದ್ದರಿಂದ 12.8 ವೋಲ್ಟಿನ 16 ಆಂಪಿಯರ್-ಗಂಟೆ ಸಾಲುತ್ತದೆ. 18ರದನ್ನು ತಂದರೆ ಹಸು ಈಯುವ ರಾತ್ರಿ ಎರಡು ದೀಪಗಳನ್ನೂ ಹತ್ತು ಗಂಟೆ ಉರಿಸಿ 100 ವಾಟ್-ಗಂಟೆ ಖರ್ಚು ಮಾಡಿದರೂ ಮರುದಿನಕ್ಕೆ ಉಳಿಯುತ್ತದೆ. ಬ್ಯಾಟರಿಯನ್ನು ತಗಡಿನ ಕೆಳಗೆ ನೇತುಹಾಕದೆ ನೆಲದ ಸಮೀಪ ನೆರಳಿನಲ್ಲಿಡಬೇಕು. ಸೀಸದ ಬ್ಯಾಟರಿಯ ಆಯುಷ್ಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಸುಮಾರು ಅರ್ಧವಾಗುವುದು.

ಇಷ್ಟರವರೆಗೆ ಎಲ್ಲವೂ ಸುಗಮ. ಆದರೆ ಇಲ್ಲಿ ಒಂದು ಹಳ್ಳವಿದೆ, ಅನೇಕರು ಇದರಲ್ಲಿಯೇ ಬೀಳುತ್ತಾರೆ. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯ ಅನಂತರ 9 ವಾಟಿನ ಎಲ್‌ಇಡಿ ಬಲ್ಬು ಎಲ್ಲ ಊರುಗಳಲ್ಲೂ ಸುಲಭ ಬೆಲೆಗೆ ಸಿಗುವಂತಾಯಿತು. ಅದು ಒಳ್ಳೆಯ ಬಲ್ಬೇ. ಆದರೆ ಅದು ಮನೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತಿಗೆ ಮಾಡಿದ್ದು; ಫಲಕವೂ ಬ್ಯಾಟರಿಯೂ ಕೊಡುವುದು 12 ವೋಲ್ಟಿನ ನೇರ ವಿದ್ಯುತ್ತು. ಎರಡನ್ನೂ ಹೊಂದಿಸಲೆಂದು ನಡುವೆ ಒಂದು ಇನ್ವರ್ಟರನ್ನು ಕೂರಿಸುತ್ತಾರೆ. ಇನ್ವರ್ಟರು ದೀಪ ಉರಿಯಲಿ ಬಿಡಲಿ, ತಾನು ಎಚ್ಚರವಾಗಿರುವುದಕ್ಕೇ ಒಂದಿಷ್ಟು ವಿದ್ಯುತ್ತನ್ನು ನುಂಗುತ್ತಿರುತ್ತದೆ. ಸಣ್ಣವುಗಳಲ್ಲಿ ಇದು 5ರಿಂದ 10 ವಾಟ್ ಇರುವುದು ಸಾಮಾನ್ಯ. 8 ಎಂದು ಹಿಡಿದರೆ ಹನ್ನೆರಡು ಗಂಟೆಯ ರಾತ್ರಿಗೆ 96 ವಾಟ್-ಗಂಟೆ. ದೀಪಗಳೆಲ್ಲ ಸೇರಿ ತಿನ್ನುವುದು 48. ಅವುಗಳಿಗೆ ಬಡಿಸುವವನು ತಿನ್ನುವುದು ಅದರ ಎರಡರಷ್ಟು! ಒಂದು ವಾಟಿನ ರಾತ್ರಿದೀಪಕ್ಕಾಗಿ ಎಂಟು ವಾಟಿನ ಇನ್ವರ್ಟರನ್ನು ಎಬ್ಬಿಸಿಡುವುದು ಪಾವು ಹಾಲು ತರಲು ಎತ್ತಿನ ಗಾಡಿ ಹೂಡಿದಂತೆ. ಈ ಒಂದು ಪೆಟ್ಟಿಗೆಯಿಂದ 40 ವಾಟಿನ ಫಲಕದ ಕೆಲಸ 80ರದಾಗುತ್ತದೆ, ಬ್ಯಾಟರಿ ಮೂರರಷ್ಟಾಗಬೇಕಾಗುತ್ತದೆ. ಹಾಗೆ ಮಾಡದಿದ್ದಲ್ಲಿ ಮೊದಲು ಹೇಳಿದ ಶ್ರಾವಣದ ನಡುರಾತ್ರಿ ಬರುತ್ತದೆ. ಆದುದರಿಂದ ಕೊಟ್ಟಿಗೆಗೆ 12 ವೋಲ್ಟಿನ ನೇರ ವಿದ್ಯುತ್ತಿನ ದೀಪವನ್ನೇ ಕೇಳಿ ತರಬೇಕು.

ಹಾಗೆ ತಂದದ್ದರಲ್ಲಿಯೂ ಎರಡು ಜಾತಿಗಳುಂಟು. ಒಂದು ಬಿಳಿಯ ಎಲ್‌ಇಡಿಗೆ ಬೇಕಾದದ್ದು ಸುಮಾರು 3 ವೋಲ್ಟ್. ಅಗ್ಗದ ದೀಪಗಳಲ್ಲಿ ಮೂರನ್ನು ಸಾಲಾಗಿ ಜೋಡಿಸಿ, ಉಳಿದ 3 ವೋಲ್ಟನ್ನು ಒಂದು ರೋಧಕದ ಮೇಲೆ ಹೊರಿಸಿರುತ್ತಾರೆ. ಕಾಲು ಪಾಲು ಅಲ್ಲಿಯೇ ಶಾಖವಾಯಿತು. ಬ್ಯಾಟರಿ ತುಂಬುವಾಗ ವೋಲ್ಟೇಜು 14ಕ್ಕೆ ಏರಿದರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಒಳ್ಳೆಯ ದೀಪದಲ್ಲಿ ಪ್ರವಾಹವನ್ನು ಸ್ಥಿರವಾಗಿಡುವ ಮಂಡಲವಿರುತ್ತದೆ. ಅದರ ನಷ್ಟ ನೂರಕ್ಕೆ 10, 15 ಮಾತ್ರ. ಕಂಡುಹಿಡಿಯುವುದು ಸುಲಭ. ಬ್ಯಾಟರಿಯ ವೋಲ್ಟೇಜು ಏರಿಳಿದಂತೆ ಬೆಳಕೂ ಏರಿಳಿದರೆ ಅದು ರೋಧಕದ ದೀಪ.

ಕಡಮೆ ವೋಲ್ಟೇಜಿಗೆ ಒಂದು ದಂಡವೂ ಇದೆ. 11 ವಾಟಿಗೆ 12 ವೋಲ್ಟಿನಲ್ಲಿ 0.92 ಆಂಪಿಯರ್ ಹರಿಯಬೇಕು. ಬ್ಯಾಟರಿ 20 ಮೀಟರ್ ದೂರದಲ್ಲಿದ್ದು, ತಾಮ್ರದ ತಂತಿಯ ಅಡ್ಡಕೊಯ್ತ ಒಂದು ಚದರ ಮಿಲಿಮೀಟರ್ ಆಗಿದ್ದರೆ ಹೋಗಿಬರುವ 40 ಮೀಟರಿಗೆ ರೋಧ 0.69 ಓಮ್, ತಂತಿಯಲ್ಲಿಯೇ 0.63 ವೋಲ್ಟ್, ನೂರಕ್ಕೆ 5ರಷ್ಟು ಇಳಿದುಹೋಗುತ್ತದೆ. ಎರಡೂವರೆ ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ 2ಕ್ಕೆ ಇಳಿಯುತ್ತದೆ. ಬ್ಯಾಟರಿಯನ್ನು ಕೊಟ್ಟಿಗೆಯಲ್ಲಿಯೇ ಇಟ್ಟರೆ ಈ ಚಿಂತೆಯೇ ಇಲ್ಲ.

ದೀಪದಿಂದ ಹೊರಟ ಬೆಳಕಿನಲ್ಲಿ ಅರ್ಧವನ್ನು ಗೋಡೆ, ಮಾಡುಗಳು ನುಂಗುತ್ತವೆ ಎಂದೆವಷ್ಟೆ. ಬೀದರದ ಕಡೆಯ ಜಂಬಿಟ್ಟಿಗೆ ಕಲ್ಲಿನ ಕೆಂಪು ಗೋಡೆ, ಹೊಗೆ ಹಿಡಿದ ಗೋಡೆ, ಇವು ಬಿದ್ದ ಬೆಳಕಿನ ಬಹುಭಾಗವನ್ನು ಹಿಂದಿರುಗಿಸುವುದಿಲ್ಲ. ಸುಣ್ಣ ಬಳಿದ ಗೋಡೆ ನೂರಕ್ಕೆ 70, 80ನ್ನು ಹಿಂದಕ್ಕೆ ಕೊಡುತ್ತದೆ. ಒಂದು ಬುಟ್ಟಿ ಸುಣ್ಣಕ್ಕೆ ಸೌರಫಲಕದ ಬೆಲೆಯಿಲ್ಲ, ಆದರೆ ಕೆಲಸ ಅದರದೇ. ದೀಪದ ಎತ್ತರವೂ ಗಮನಾರ್ಹ. ನೆಲದಿಂದ 2 ಮೀಟರ್ ಎತ್ತರದಲ್ಲಿದ್ದ ದೀಪವನ್ನು 3 ಮೀಟರಿಗೆ ಏರಿಸಿದರೆ ಅದರ ಕೆಳಗಿನ ಪ್ರಕಾಶ ಒಂಬತ್ತರಲ್ಲಿ ನಾಲ್ಕು ಪಾಲಿಗೆ ಕುಗ್ಗುತ್ತದೆ. ಬೀದರ ನಗರದ ಬಿದರಿ ಕುಶಲಿಗಳನ್ನು ನೋಡಿ. ಸತು, ತಾಮ್ರಗಳ ಮಿಶ್ರಲೋಹದಲ್ಲಿ ಕೂದಲೆಳೆಯಂತಹ ಗೆರೆ ಕೊರೆದು ಬೆಳ್ಳಿಯನ್ನು ಕೂರಿಸುವ ಆ ಕೆಲಸಕ್ಕೆ 25 ಲಕ್ಸ್ ಏನೂ ಸಾಲದು. ಅಲ್ಲಿಗೆ ಮಾಡಿನಲ್ಲಿ ದೊಡ್ಡ ದೀಪ ತೂಗಬೇಕಾಗಿಲ್ಲ. 3 ವಾಟಿನ, ಕೆಳಮುಖವಾಗಿ ಬೆಳಕು ಚೆಲ್ಲುವ ಎಲ್‌ಇಡಿಯೊಂದನ್ನು ಕೈಗೆ 40 ಸೆಂಟಿಮೀಟರ್ ಸಮೀಪಕ್ಕೆ ತಂದರೆ 600 ಲಕ್ಸಿನ ಸಮೀಪ ಬರುತ್ತದೆ. ಕೊಟ್ಟಿಗೆಯಲ್ಲಿ ಪಶುವೈದ್ಯರು ಬಂದಾಗ ಅಥವಾ ಕೆಚ್ಚಲನ್ನು ಪರೀಕ್ಷಿಸುವಾಗ ಇಂತಹುದೇ ಕೈದೀಪ ಉಪಯುಕ್ತ.

ಕೆಚ್ಚಲಿನ ಮಾತು ಬಂದುದರಿಂದ ಬಣ್ಣದ ವಿಷಯವನ್ನೂ ಹೇಳಬೇಕು. ತೀರ ಬಿಳಿಚಾದ, ನೀಲಿಯ ಛಾಯೆಯ ದೀಪಗಳು ವಾಟಿಗೆ ಹೆಚ್ಚು ಲ್ಯೂಮೆನ್ ಕೊಡುತ್ತವೆಂದು ಅವನ್ನೇ ಕೊಳ್ಳುವವರುಂಟು. ಅವುಗಳಲ್ಲಿ ಕೆಂಪು ಕಿರಣಗಳು ಬಹಳ ಕಡಮೆ. ಕೆಚ್ಚಲು ಬಾವಿನ ಕೆಂಪನ್ನಾಗಲಿ ಹಾಲಿನಲ್ಲಿ ಬೆರೆತ ರಕ್ತದ ಎಳೆಯನ್ನಾಗಲಿ ಅಂತಹ ಬೆಳಕು ಮರೆಸಿಬಿಡಬಹುದು. ಅಲ್ಲದೆ ಮಳೆಗಾಲದ ಹುಳುಗಳಿಗೆ ನೀಲಿ ಬೆಳಕೆಂದರೆ ಹಬ್ಬ. 2700ರಿಂದ 3000 ಕೆಲ್ವಿನ್ ಎಂದು ಬರೆದ, ಬಣ್ಣದ ನಿಷ್ಠೆಯ ಅಂಕ 80ಕ್ಕೆ ಕಡಮೆಯಿಲ್ಲದ ದೀಪವನ್ನು ತಂದರೆ ನೂರಕ್ಕೆ 5, 10 ಲ್ಯೂಮೆನ್ ಹೋದೀತು. ಹೋಗಲಿ ಎನ್ನುತ್ತೇವೆ ನಾವು.

ದೀಪಕ್ಕೆ ಭದ್ರವಾದ ಮುಚ್ಚಳವೂ ಇರಬೇಕು. ಎಲ್‌ಇಡಿಯ ಒಳಗೆ ಬೆಳಕನ್ನು ಮುಂದಕ್ಕೆ ತಳ್ಳಲು ಬೆಳ್ಳಿಯ ತೆಳುಲೇಪವಿರುತ್ತದೆ. ಸಗಣಿ ಗಂಜಲಗಳು ಕೊಳೆತಾಗ ಹುಟ್ಟುವ ಹೈಡ್ರೊಜನ್ ಸಲ್ಫೈಡು ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಅಮೋನಿಯ ತಾಮ್ರವನ್ನು ಕೊರೆಯುತ್ತದೆ. ಬಿದರಿಯಲ್ಲಿ ಕೋಟೆಯ ಮಣ್ಣೂ ನವಸಾಗರವೂ ಲೋಹವನ್ನು ಕಪ್ಪಾಗಿಸಿ ಬೆಳ್ಳಿಯನ್ನು ಬೆಳಗಲು ಬಿಡುತ್ತವೆ. ಕೊಟ್ಟಿಗೆಯಲ್ಲಿ ಕಪ್ಪಾಗುವುದು ಬೆಳ್ಳಿಯೇ. ಧೂಳು ನೀರುಗಳು ನುಗ್ಗದಂತೆ ಮುಚ್ಚಿದ, ಐ.ಪಿ. 65 ಎಂದು ಗುರುತು ಹಾಕಿದ ದೀಪ ಈ ಕಾಟವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಪೆಟ್ಟಿಗೆಯ ಮೇಲೆ ಅಚ್ಚಾದ ಲ್ಯೂಮೆನ್ನು ನಿಜವೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಬಿಳಿಯ ಕಾಗದದ ನಡುವೆ ಒಂದು ತೊಟ್ಟು ಎಣ್ಣೆ ಹಾಕಿ ಒಣಬಟ್ಟೆಯಿಂದ ಒತ್ತಿರಿ. ಇದು ಬುನ್ಸೆನ್ನನ ಪ್ರಕಾಶಮಾಪಕ. ಕತ್ತಲೆ ಕೋಣೆಯಲ್ಲಿ ಕಾಗದವನ್ನು ನಿಲ್ಲಿಸಿ, ಒಂದು ಕಡೆ ನಂಬಿಕೆಯ ದೀಪವನ್ನೂ ಇನ್ನೊಂದು ಕಡೆ ಹೊಸ ದೀಪವನ್ನೂ ಇಡಿ. ಎರಡರ ಆಕಾರವೂ ಒಂದೇ ಬಗೆಯದಾಗಿರಲಿ, ಬಣ್ಣವೂ ಒಂದೇ ಆಗಿರಲಿ. ಇಲ್ಲದಿದ್ದರೆ ಹೋಲಿಕೆ ಕೆಡುವುದು. ಎಣ್ಣೆಯ ಚುಕ್ಕೆ ಸುತ್ತಲಿನ ಕಾಗದದಿಂದ ಬೇರೆಯಾಗಿ ತೋರದಿರುವವರೆಗೆ ಹೊಸ ದೀಪವನ್ನು ಹಿಂದೆ ಮುಂದೆ ಸರಿಸಿ ಎರಡು ದೂರಗಳನ್ನೂ ಅಳೆಯಿರಿ. ದೀಪಗಳ ತೀವ್ರತೆಗಳು ದೂರಗಳ ವರ್ಗಗಳ ಪ್ರಮಾಣದಲ್ಲಿರುವುವು. 500 ಲ್ಯೂಮೆನ್ನಿನ ನಂಬಿಕೆಯ ದೀಪ ಕಾಗದದಿಂದ 100 ಸೆಂಟಿಮೀಟರ್ ದೂರದಲ್ಲಿದ್ದು, ಅಷ್ಟೇ ಬೆಳಕು ಕೊಡುವುದಾಗಿ ಬರೆದುಕೊಂಡ ಹೊಸ ದೀಪವನ್ನು 80 ಸೆಂಟಿಮೀಟರಿಗೆ ತಂದಾಗ ಚುಕ್ಕೆ ಮಾಯವಾದರೆ, ಅದು ಕೊಡುತ್ತಿರುವುದು ಸುಮಾರು 320 ಲ್ಯೂಮೆನ್ ಮಾತ್ರ.